ಹನ್ನೆರಡು ಸಾವಿರ ಅಡಿ ಎತ್ತರದ ಸಂಕಷ್ಟಿ

ಆ ಶುಕ್ರವಾರವೇ ಬೆಟ್ಟಕ್ಕೆ ಹೋಗಬೇಕೆಂದು ವಾದ ಮಾಡಿ ಗೆದ್ದವಳು ನಾನು. ಕೊಲೊರಾಡೊದ ಹೋಟೆಲಿನಲ್ಲಿ ಒಂದು ದಿನ ಸುಮ್ಮನೆ ಮಲಗಿರಬೇಕೆಂದು ಅಮ್ಮನಿಗಿತ್ತು. ‘ನಾಳೆ ಹೋದ್ರಾತಲ್ಲ’ ಎಂದಳು. ನಾಳೆ ಮಳೆ, ನಾಡಿದ್ದು ಡಲ್ಲಾಸಿಗೆ ವಾಪಸು ವಿಮಾನ, ಸೋಮವಾರ ನನಗೆ ಆಸ್ಟಿನ್‌ನಲ್ಲಿ ಕ್ಲಾಸು ಎಂದು ಮೂರು ಕಾರಣ ಕೊಟ್ಟೆ. ಡಲ್ಲಾಸ್ ಪಕ್ಕದ ನಮ್ಮೂರು ಪ್ಲೇನೋದ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಡಿಬೇಟ್ ಮಾಡಿದವಳಿಗೆ ಮೂರು ಕಾರಣ ಕಷ್ಟವಲ್ಲ. ನಾಲ್ಕನೆಯದನ್ನು ಹೇಳುವಷ್ಟರಲ್ಲಿ ಅಮ್ಮ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಡ್ರೈವಿಂಗ್ ನನ್ನದು, ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ. ಫ್ಲೈಓವರೇ ಎತ್ತರವೆನ್ನುವ ಊರಲ್ಲಿ ಬೆಳೆದ ನನಗೆ ಆ ರಸ್ತೆ ಹೊಸದು. ಏರುತ್ತ ಹೋದಂತೆ ಮರಗಳು ಗಿಡ್ಡಾದವು, ಆಮೇಲೆ ಇಲ್ಲವಾದವು. ಹುಲ್ಲು, ಕಲ್ಲು, ಜುಲೈನಲ್ಲೂ ಕರಗದ ಹಿಮ. ಬಲಗಡೆ ತಡೆಗೋಡೆಯೂ ಇಲ್ಲದ ಅಂಚು. ನೋಡಲು ಬೇಕಾದಷ್ಟಿತ್ತು, ನೋಡುವ ಸಮಾಧಾನ ನನಗಿರಲಿಲ್ಲ. ಒಂದು ತಿರುವಿನಲ್ಲಿ ನಿಲ್ಲಿಸಿದರೆ ಮುಂದಿನದು ಇನ್ನೂ ಚೆನ್ನಾಗಿರಬಹುದು ಅನ್ನಿಸುತ್ತಿತ್ತು. ಅಪ್ಪ ಫೋಟೊ ತೆಗೆಯುವ ಮೊದಲೇ ಗಾಡಿ ಸ್ಟಾರ್ಟ್ ಮಾಡುತ್ತಿದ್ದೆ.

‘ಬೆಟ್ಟ ಎಲ್ಲಿ ಓಡಿಹೋಗ್ತದವಾ?’ ಎಂದ ಅಪ್ಪ.

‘ಬೆಟ್ಟ ಓಡಲ್ಲ. ಪಾರ್ಕಿಂಗ್ ಓಡುತ್ತೆ.’

ಹನ್ನೆರಡು ಸಾವಿರ ಅಡಿಯ ಬೋರ್ಡು ದಾಟಿ ಊಟಕ್ಕೆ ನಿಲ್ಲಿಸಿದಾಗ ಸರಿಯಾಗಿ ಮಧ್ಯಾಹ್ನ. ಅಪ್ಪ ಚಪಾತಿ, ಶೇಂಗಾ ಚಟ್ನಿ ಬಿಚ್ಚಿದ. ಅಮ್ಮ ಕಾರಿನಿಂದ ಇಳಿಯಲಿಲ್ಲ. ತಲೆನೋವು, ಹೊಟ್ಟೆ ತೊಳೆಸುತ್ತಿದೆ ಎಂದಳು. ತುಟಿ ಒಣಗಿತ್ತು. ನಾನು ಏನು ಕೇಳಿದರೂ ಉತ್ತರ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಬೆಳಿಗ್ಗೆ ಕೊಟ್ಟ ನೀರಿನ ಬಾಟಲಿಯ ಮುಚ್ಚಳ ಹಾಗೇ ಬಿಗಿಯಾಗಿತ್ತು.

‘ಇವತ್ತ ಸಂಕಷ್ಟಿ ಅದ,’ ಎಂದ ಅಪ್ಪ, ನನ್ನ ಮುಖ ನೋಡದೆ. ‘ಚಂದ್ರ ಕಾಣೂತನಕಾ ನೀರೂ ಮುಟ್ಟೂದಿಲ್ಲ ಅಕಿ.’

‘ಗೊತ್ತಿದ್ದೂ ಸುಮ್ನಿದ್ಯಾ?’ ಎಂದು ಅಪ್ಪನನ್ನು ಕೇಳಿ, ಅಮ್ಮನ ಕಡೆ ತಿರುಗಿದೆ. ‘ನೀನ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರ ನೀ ಬಿಡ್ತಿದ್ದೇನು?’ ಅಮ್ಮ ಸೀಟಿಗೆ ತಲೆ ಆನಿಸಿದಳು. ‘ಯಾಕ, ಏನು, ಪ್ರೂಫ್ ಎಲ್ಲದ ಅಂತ ಪ್ಲೇನೋ ಮುಟ್ಟೂತನಕಾ ಕೇಳ್ತಿದ್ದಿ. ನಿನ್ನ ಕೂಡ ವಾದಾ ಮಾಡೂದಕ್ಕಿಂತ ಬೆಟ್ಟ ಹತ್ತೂದ ಹಗುರ ಅನಿಸ್ತು.’

ಅವಳು ಬೈಯುತ್ತಿರಲಿಲ್ಲ, ವಿಷಯ ತಿಳಿಸುತ್ತಿದ್ದಳು. ಅದಕ್ಕೇ ನಾಟಿತು. ಆದರೂ ನನಗೆ ಗೊತ್ತಿದ್ದ ಔಷಧಿ ಒಂದೇ, ವಾದ. ‘ಧಾರವಾಡದಲ್ಲಿ ಈಗ ರಾತ್ರಿ ಹನ್ನೊಂದೂವರೆ,’ ಎಂದೆ. ‘ಚಂದ್ರ ಬಂದು ಎಷ್ಟೋ ಹೊತ್ತಾಯ್ತು. ಚಿಕ್ಕಮ್ಮ ಪೂಜೆ ಮುಗಿಸಿ, ಊಟ ಮಾಡಿ ಮಲಗಿರ್ತಾಳೆ. ಅದೇ ಗಣಪತಿ, ಅದೇ ಸಂಕಷ್ಟಿ. ನೀನು ಕುಡಿದ್ರೆ ತಪ್ಪೇನು?’

ಅಮ್ಮ ಕಣ್ಣು ಮುಚ್ಚಿಕೊಂಡೇ ಯೋಚಿಸಿದಳು. ‘ಇಪ್ಪತ್ತಾರು ವರ್ಷ ಆತು ನಾ ಇಲ್ಲಿಗೆ ಬಂದು. ಇಲ್ಲೇ ಉಣ್ತೀನಿ, ಇಲ್ಲೇ ಮಲಗ್ತೀನಿ. ಚಂದ್ರ ಅಷ್ಟ ಧಾರವಾಡದ್ದು ಅಂದ್ರ ಹೆಂಗ?’

ತೀರ್ಪುಗಾರರಿದ್ದಿದ್ದರೆ ಆ ಸುತ್ತು ಅಮ್ಮನದೇ. ನನ್ನ ಬಳಿ ಇನ್ನೂ ಎರಡು ವಾದಗಳಿದ್ದವು. ಅವನ್ನು ಹೇಳಲು ಬಾಯಿ ತೆರೆದಾಗ ಅವಳ ಕೈ ಬಾಗಿಲ ಹಿಡಿಯನ್ನು ತಡಕಾಡುತ್ತಿರುವುದು ಕಂಡಿತು. ವಾಂತಿಗೆ. ಅಪ್ಪ ಓಡಿಬಂದು ಬೆನ್ನು ಹಿಡಿದ. ಬಂದದ್ದು ಬರೀ ಹಳದಿ ನೀರು.

ಡಬ್ಬಿ ಮುಚ್ಚಿ, ಗಾಡಿ ತಿರುಗಿಸಿದೆ. ತುದಿ ಇನ್ನೂ ಆರು ಮೈಲಿಯಿತ್ತು. ಇಳಿಜಾರಿನಲ್ಲಿ ಬ್ರೇಕ್ ಸುಟ್ಟ ವಾಸನೆ ಬರಬಾರದೆಂದು ಕೆಳಗಿನ ಗೇರಿಗೆ ಹಾಕಿದೆ. ಪ್ರತಿ ತಿರುವಿನಲ್ಲೂ ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಕಣ್ಣು ತೆರೆದಿದ್ದರೆ ಒಂದು ಭಯ, ಮುಚ್ಚಿದ್ದರೆ ಇನ್ನೊಂದು. ಮಾತಾಡಲಿಲ್ಲ. ಬಾಯಿ ತೆರೆದರೆ ವಾದವೇ ಬರುತ್ತದೆಂದು ಹಲ್ಲು ಕಚ್ಚಿಕೊಂಡು ಕೂತೆ. ಎದುರಿಗೆ ಇಡೀ ಕಣಿವೆ ತೆರೆದುಕೊಂಡಿತ್ತಂತೆ. ಅಪ್ಪ ಆಮೇಲೆ ಹೇಳಿದ.

ಮೊದಲ ಮರಗಳು ಕಾಣಿಸುವ ಹೊತ್ತಿಗೆ ಹಿಂದಿನಿಂದ ಮುಚ್ಚಳ ತಿರುಗುವ ಸದ್ದು ಕೇಳಿತು. ಅಮ್ಮ ಎರಡು ಗುಟುಕು ಕುಡಿದು, ನಿಲ್ಲಿಸಿ, ಮತ್ತೆ ಕುಡಿದಳು.

ಅಪ್ಪ ತಿರುಗಿ ನೋಡಿದ. ‘ಏನಾತು?’

‘ಹುಟ್ಟಿದಾಗಿಂದ ಇಕಿ ಇಷ್ಟೊತ್ತು ಸುಮ್ಮನ ಕೂತದ್ದು ನೋಡಿಲ್ಲರೀ. ಅಂಜಿಕಿ ಬಂತು.’

ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಮುಂದಿನ ತಿಂಗಳ ಸಂಕಷ್ಟಿಯನ್ನು ಮೊದಲೇ ಹೇಳುತ್ತೀಯಾ ಎಂದು ಅಮ್ಮನನ್ನು ಕೇಳಿದೆ.

‘ಹೇಳ್ತೀನಿ. ಆದರ ನೀ ಬರೇ ಹೂಂ ಅನಬೇಕು.’

ಮುಂದೆ ಇನ್ನೂ ಹತ್ತಾರು ತಿರುವುಗಳಿದ್ದವು. ಎರಡು ದಾಟುವವರೆಗೂ ನನ್ನಿಂದ ಆ ಹೂಂ ಹೊರಡಲಿಲ್ಲ. ಮೂರನೆಯದರಲ್ಲಿ ಅಂದೆ.