ಆ ನೂರ ಅರವತ್ತೆಂಟು ಪೊಟ್ಟಣ ಎಲ್ಲಿ ಹೋದವು?

ಬೆಳಗಿನ ಐದೂ ಕಾಲು ಗಂಟೆ. ಬೇಕರಿ ಕಾರ್ಖಾನೆಯ ಸ್ಟೋರ್ ರೂಮಿನ ಟ್ಯೂಬ್‌ಲೈಟುಗಳು ಮಿಣಕ್ ಮಿಣಕ್ ಎಂದು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಗೋಡೆಯಾಚೆ ಓವನ್‌ಗಳು ಆಗಲೇ ಕಾದಿವೆ, ಬ್ರೆಡ್ಡು ಬೇಯುವ ಪರಿಮಳ ಬಾಗಿಲ ಸಂದಿಯಿಂದ ನುಗ್ಗುತ್ತಿದೆ. ಒಳಗೆ ಆರು ಸಾಲು ಕಬ್ಬಿಣದ ಕಪಾಟು, ಕಪಾಟಿನ ತುಂಬ ನೀಲಿ ಕ್ರೇಟು, ಒಂದೊಂದು ಕ್ರೇಟಿಗೆ ಇಪ್ಪತ್ತನಾಲ್ಕು ಪೊಟ್ಟಣ. ಬೂದು ಕೋಟು, ತಲೆಗೆ ಬಲೆಯ ಟೋಪಿ, ಕಾಲಿಗೆ ಕ್ಯಾನ್ವಾಸ್ ಬೂಟು ತೊಟ್ಟ ಹೆಂಗಸೊಬ್ಬರು ಮೊದಲ ಸಾಲಿನ ಮುಂದೆ ನಿಂತು, ತೋರುಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಎಣಿಸತೊಡಗುತ್ತಾರೆ. ಯಾರಾದರೂ ಮಾತಾಡಿಸಲು ಬಂದರೆ ಎಡಗೈ ಎತ್ತಿ ಅಲ್ಲೇ ತಡೆಯುತ್ತಾರೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ!

ಕಾರ್ಖಾನೆಯಲ್ಲಿ ಇವರಿಗೆ ಎಣಿಕೆ ಅಕ್ಕ ಎಂದೇ ಹೆಸರು. ವಯಸ್ಸು ನಲವತ್ತಾರು, ಈ ಕೆಲಸಕ್ಕೆ ಹನ್ನೊಂದು ವರ್ಷ. ಹಿಂದಿನ ದಿನ ಸಂಜೆ ಹತ್ತೊಂಬತ್ತು ವ್ಯಾನುಗಳು ಸರಕು ತುಂಬಿಕೊಂಡು ಹೋದ ಮೇಲೆ ಉಳಿದದ್ದೆಷ್ಟು ಎಂದು, ಏಳು ಗಂಟೆಗೆ ಹೊಸ ಸರಕು ಇಳಿಯುವುದರೊಳಗೆ ಎಣಿಸಿ ಮುಗಿಸಬೇಕು. ಇವರ ಪಾಲಿಗೆ ಮೂರು ಸಾಲು, ನಾನೂರಕ್ಕೂ ಮಿಕ್ಕಿ ಕ್ರೇಟು. ಕೆಳಗಿನ ಅಂತಸ್ತಿಗೆ ಬಗ್ಗಬೇಕು, ಮೇಲಿನದಕ್ಕೆ ಏಣಿ ಹತ್ತಬೇಕು. "ಮಂಡಿ ಎರಡೂ ಮಾತಾಡ್ತವೆ. ಏಣಿ ಹತ್ತೋವಾಗ ಒಂದು ಬೈಯತ್ತೆ, ಇಳಿಯೋವಾಗ ಇನ್ನೊಂದು ಬೈಯತ್ತೆ," ಎಂದು ನಗುತ್ತಾರೆ. ಮನೆಯಲ್ಲಿ ಅತ್ತೆಯ ದೂರು ಬೇರೆಯೇ. ಈ ಸೊಸೆ ಬಟ್ಟೆ ಒಣ ಹಾಕಿದರೂ ಕ್ಲಿಪ್ಪು ಎಣಿಸುತ್ತಾಳಂತೆ!

ಹಾಗಂತ ಇದನ್ನು ಬರೀ ಎಣಿಕೆ ಎಂದು ಮೂಗು ಮುರಿಯಬೇಡಿ. ಇವರು ಸ್ಕ್ಯಾನರಿನಲ್ಲಿ ಒತ್ತಿದ ಸಂಖ್ಯೆ ನೇರ ಮೇಲಿನ ಮಹಡಿಯ ಕಂಪ್ಯೂಟರಿಗೆ ಹೋಗುತ್ತದೆ. ಉಳಿದದ್ದೆಷ್ಟು, ವ್ಯಾನಿಗೆ ಹೋದದ್ದೆಷ್ಟು, ಆರುನೂರ ನಲವತ್ತು ಅಂಗಡಿಗಳು ಕೊಂಡದ್ದೆಷ್ಟು ಎಂದು ಅದು ಕೂಡಿಸಿ ಕಳೆದು, ನಾಳೆ ಯಾವ ಓವನ್ ಹೊತ್ತಬೇಕು, ಎಷ್ಟು ಮೂಟೆ ಹಿಟ್ಟು ಕಲಸಬೇಕು ಎಂದು ಹೇಳುತ್ತದೆ. ಮೊದಲು ಇದನ್ನೆಲ್ಲ ಓವನ್ ಮೇಸ್ತ್ರಿಯೊಬ್ಬರು ಅಂದಾಜಿನ ಮೇಲೆ ಹೇಳುತ್ತಿದ್ದರು. ಈಗ ಮೇಸ್ತ್ರಿಯೂ ಬೆಳಿಗ್ಗೆ ಬಂದವರೇ ಕಂಪ್ಯೂಟರ್ ಕೊಟ್ಟ ಹಾಳೆಯ ಮುಖ ನೋಡುತ್ತಾರೆ.

ಕಪಾಟಿನಲ್ಲಿರುವುದಕ್ಕೂ ಸ್ಕ್ರೀನಿನಲ್ಲಿರುವುದಕ್ಕೂ ತಾಳೆ ಬಿದ್ದರೆ ಸರಿ. ಬೀಳದಿದ್ದರೆ? ಯಂತ್ರ ಸುಮ್ಮನೆ ಬಿಡುವುದಿಲ್ಲ, ಕಾರಣ ಕೇಳುತ್ತದೆ. ಒಡೆದಿದೆ, ಹಾಳಾಗಿದೆ, ಅಂಗಡಿಯಿಂದ ವಾಪಸ್ ಬಂದಿದೆ, ಹೆಚ್ಚು ಸಿಕ್ಕಿದೆ. ನಾಲ್ಕೇ ನಾಲ್ಕು ಕಾರಣ. ಯಾವುದಾದರೊಂದನ್ನು ಒತ್ತದಿದ್ದರೆ ಮುಂದಿನ ಕ್ರೇಟಿಗೆ ಹೋಗಲು ಬಿಡುವುದೇ ಇಲ್ಲ ಪುಣ್ಯಾತ್ಮ! ಹೋದ ವರ್ಷ ಅಕ್ಕನ ಪಾಲಿನ ಎಳ್ಳು ರಸ್ಕಿನ ಸಾಲಿನಲ್ಲಿ ದಿನಾ ನೂರು, ನೂರೈವತ್ತು ಪೊಟ್ಟಣ ಕಡಿಮೆ ಬರತೊಡಗಿತು. ಕಾರಣ ಹೊಳೆಯಲಿಲ್ಲ. "ರಸ್ಕ್ ಅಲ್ವಾ, ಮುಟ್ಟಿದ್ರೆ ಪುಡಿಯಾಗತ್ತೆ, ಎಲ್ಲೋ ಒಡೆದು ಎಸೆದಿರ್ತಾರೆ ಅಂದ್ಕೊಂಡೆ. 'ಒಡೆದಿದೆ' ಒತ್ತಿದೆ. ಮಾರನೇ ದಿನವೂ ಒತ್ತಿದೆ. ಆಮೇಲೆ ಬೆರಳು ತಾನೇ ಹೋಗಿ ಅಲ್ಲಿ ಕೂರ್ತಿತ್ತು," ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಹೀಗೆ ಏಳು ತಿಂಗಳು! ಮೇಲಿನ ಮಹಡಿಯವರ ಕಣ್ಣಿಗೆ ಬಿದ್ದದ್ದು ಇಷ್ಟು: ಎಳ್ಳು ರಸ್ಕು ಮಾರಾಟವಾಗುವುದು ಕಡಿಮೆ, ಒಡೆಯುವುದು ಜಾಸ್ತಿ. ಕಂಪ್ಯೂಟರ್ ಹೇಳಿದಂತೆ ಆ ರಸ್ಕು ಬೇಯುವ ಮೂರನೇ ಓವನ್ ವಾರಕ್ಕೆ ಆರು ದಿನ ಉರಿಯುತ್ತಿದ್ದದ್ದು ನಾಲ್ಕಕ್ಕಿಳಿಯಿತು, ಮೂರಕ್ಕಿಳಿಯಿತು. ಅಲ್ಲಿ ರಸ್ಕು ಜೋಡಿಸಿ ಪೊಟ್ಟಣ ಕಟ್ಟುವವರು ಹನ್ನೊಂದು ಹೆಂಗಸರು. "ನಿಮ್ಮ ಕೈಯೇ ಒರಟು" ಎಂಬ ಮಾತು ದಿನಬೆಳಗಾದರೆ ಅವರ ಕಿವಿಗೆ ಬೀಳುತ್ತಿತ್ತು. ಅವರಲ್ಲೊಬ್ಬರು ಅಕ್ಕನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಮೂರು ಕೋಣೆಯ ಒಂದೇ ಮನೆ, ಒಂದೇ ಅಡುಗೆ. ಬೈಗುಳ ತಿಂದು ಬಂದ ಓರಗಿತ್ತಿ ಬಟ್ಟೆಯ ಕೈಗವಸು ಹೊಲಿದು ಹಾಕಿಕೊಂಡು ಕೆಲಸ ಮಾಡಿದರು. ಮನೆಯಲ್ಲಿ ಲೋಟವನ್ನೂ ಎರಡೂ ಕೈಯಲ್ಲಿ ಹಿಡಿದೇ ತೊಳೆಯುತ್ತಿದ್ದರಂತೆ. ಅಕ್ಕ ಪಕ್ಕದಲ್ಲೇ ನಿಂತು, "ಹೋಗ್ಲಿ ಬಿಡೇ, ಯಾಕೆ ತಲೆ ಕೆಡಿಸ್ಕೊಳ್ತೀಯ" ಎಂದು ಸಮಾಧಾನ ಮಾಡುತ್ತಿದ್ದರು. ಆ ಅಪವಾದವನ್ನು ದಿನಾ ಬೆಳಿಗ್ಗೆ ಬರೆಯುತ್ತಿದ್ದದ್ದು ತಮ್ಮದೇ ಬೆರಳು ಎಂಬುದು ಅವರಿಗೇ ತಿಳಿದಿರಲಿಲ್ಲ.

ಒಂದು ಗುರುವಾರ ಸುದ್ದಿ ಬಂತು. ನಾಳೆ ಹತ್ತು ಗಂಟೆಗೆ ಮೀಟಿಂಗು, ಮೂರನೇ ಓವನ್ನಿಗೆ ಶಾಶ್ವತವಾಗಿ ಬೀಗ, ಹನ್ನೊಂದು ಜನಕ್ಕೂ ಕೆಲಸವಿಲ್ಲ.

ಇನ್ನು ಆ ಶುಕ್ರವಾರದ ಬೆಳಗನ್ನು ಕೇಳಿ! ಉಳಿದ ಮೂರು ಸಾಲು ಎಣಿಸುವ ಇನ್ನೊಬ್ಬ ಹಿರಿಯರಿದ್ದಾರೆ, ಎಲ್ಲರಿಗೂ ಅವರು ದೊಡ್ಡಣ್ಣ. ಅವರ ಮಗಳಿಗೆ ಹೆರಿಗೆ ಎಂದು ಅವತ್ತು ರಜೆ. ಅವರ ಸಾಲುಗಳೂ ಅಕ್ಕನ ಕುತ್ತಿಗೆಗೆ ಬಿದ್ದವು. ಮೊದಲು ತಮ್ಮ ಎಳ್ಳು ರಸ್ಕು ಎಣಿಸಿದರು. ಸ್ಕ್ರೀನಿಗಿಂತ ನೂರ ಅರವತ್ತೆಂಟು ಕಡಿಮೆ. ಎಂದಿನಂತೆ ಬೆರಳು 'ಒಡೆದಿದೆ' ಎಂಬಲ್ಲಿಗೆ ಹೊರಟಿತು, ಒತ್ತಿಯೂ ಆಯಿತು. ಆಮೇಲೆ ದೊಡ್ಡಣ್ಣನ ಸಾಲಿಗೆ ಬಂದು ಸಾದಾ ರಸ್ಕು ಎಣಿಸಿದರು. ಸ್ಕ್ರೀನಿಗಿಂತ ಹೆಚ್ಚಿತ್ತು. ಎಷ್ಟು ಹೆಚ್ಚು? ನೂರ ಅರವತ್ತೆಂಟು!

"ಇಲ್ಲಿ ಹೋದಷ್ಟೇ ಅಲ್ಲಿ ಬಂದಿದೆ. ಒಡೆದ ರಸ್ಕು ಪಕ್ಕದ ಸಾಲಲ್ಲಿ ಹೋಗಿ ಇಡಿಯಾಗಿ ಕೂರತ್ತಾ? ಮತ್ತೆ ಎಣಿಸಿದೆ. ಅಷ್ಟೇ ಬಂತು. ಇನ್ನೊಂದ್ಸಲ ಎಣಿಸಿದೆ. ಊಹೂಂ, ಅಷ್ಟೇ!"

ಹನ್ನೊಂದು ವರ್ಷದಲ್ಲಿ ಇಬ್ಬರ ಸಾಲನ್ನೂ ಒಬ್ಬರೇ ಎಣಿಸಿದ್ದು ಅದೇ ಮೊದಲು. ದೊಡ್ಡಣ್ಣ ಪಾಪ, ಏಳು ತಿಂಗಳಿಂದ ದಿನಾ 'ಹೆಚ್ಚು ಸಿಕ್ಕಿದೆ' ಎಂದು ಒತ್ತುತ್ತಿದ್ದರು. ಈ ಕೊರತೆ ಅವರಿಗೆ ಗೊತ್ತಿಲ್ಲ, ಆ ಹೆಚ್ಚಳ ಇವರಿಗೆ ಗೊತ್ತಿಲ್ಲ. ಅಕ್ಕ ಮಂಡಿಯ ಬೈಗುಳಕ್ಕೆ ಕಿವಿಗೊಡದೆ ಲೋಡಿಂಗ್ ಕಟ್ಟೆಗೆ ಓಡಿದರು. ಅಲ್ಲಿ ಹಿರಿಯ ಲೋಡರ್ ಒಬ್ಬರು ಕಟ್ಟೆ ಗುಡಿಸುತ್ತಿದ್ದರು.

"ಅಣ್ಣಾ, ನಿನ್ನೆ ಎಳ್ಳು ರಸ್ಕು ಯಾವ ಕ್ರೇಟಲ್ಲಿ ಹೋಯ್ತು?"

"ಅರ್ಧ ಅದರದ್ದೇ ಕ್ರೇಟಲ್ಲಿ, ಅರ್ಧ ಮಿಕ್ಸ್ ಕ್ರೇಟಲ್ಲಮ್ಮ. ಅದೇ, ಏಳು ತಿಂಗ್ಳ ಹಿಂದೆ ಸಣ್ಣ ಅಂಗಡಿಯವ್ರು ಕೇಳಿದ್ರು ಅಂತ ಶುರು ಮಾಡಿದ್ರಲ್ಲ, ಹನ್ನೆರಡು ಸಾದಾ, ಹನ್ನೆರಡು ಎಳ್ಳು."

"ಅದನ್ನ ಹೆಂಗೆ ಸ್ಕ್ಯಾನ್ ಮಾಡ್ತೀರಾ?"

"ಮೇಲಿರೋ ಪೊಟ್ಟಣ ಒಂದಕ್ಕೆ ಬೀಪ್ ಅನ್ಸಿ ಇಪ್ಪತ್ನಾಲ್ಕು ಅಂತ ಒತ್ತೋದು. ಎರಡಕ್ಕೂ ರೇಟು ಒಂದೇ ಅಲ್ವಾ! ವ್ಯಾನಿನವ್ರು ಹಾರ್ನ್ ಹೊಡೀತಾ ನಿಂತಿರ್ತಾರೆ, ಒಂದೊಂದೇ ಮಾಡ್ತಾ ಕೂರಕ್ಕಾಗತ್ತಾ?"

"ಮೇಲೆ ಇರೋದು ಯಾವುದು?"

"ಸಾದಾನೇ. ಎಳ್ಳು ಉದುರತ್ತೆ ಅಂತ ಅದು ಯಾವಾಗ್ಲೂ ಕೆಳಗೆ."

ನಿನ್ನೆ ಹೋದ ಮಿಕ್ಸ್ ಕ್ರೇಟು ಹದಿನಾಲ್ಕು. ಹದಿನಾಲ್ಕು ಹನ್ನೆರಡಲ ನೂರ ಅರವತ್ತೆಂಟು! ಒಂದೇ ಒಂದು ಪೊಟ್ಟಣ ಒಡೆದಿರಲಿಲ್ಲ. ಎಲ್ಲವೂ ಅಂಗಡಿಗೆ ಹೋಗಿ, ಯಾರ‍್ಯಾರದೋ ಮನೆಯ ಚಹಾದಲ್ಲಿ ಅದ್ದಿಸಿಕೊಂಡು ಖಾಲಿಯಾಗಿದ್ದವು. ಕಂಪ್ಯೂಟರಿನ ಪಾಲಿಗೆ ಮಾತ್ರ ಅವು ಸಾದಾ ರಸ್ಕು.

ಆರೂ ಸಾಲು ಮುಗಿಸಿ, ಹೊಸ ಸರಕಿನ ಗಲಾಟೆ ದಾಟಿ ಬರುವಷ್ಟರಲ್ಲಿ ಹತ್ತಕ್ಕೆ ಕಾಲು ಗಂಟೆಯಷ್ಟೇ ಉಳಿದಿತ್ತು. ಅಕ್ಕನ ಖುಷಿ ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಅರ್ಧ ಇಳಿದುಹೋಗಿತ್ತು. ಓವನ್ ಉಳಿಸಬೇಕಾದರೆ ಏಳು ತಿಂಗಳು ತಾವು ನೋಡದ್ದನ್ನು ನೋಡಿದಂತೆ ಒತ್ತಿದ್ದನ್ನೂ ಹೇಳಬೇಕು. ಹೇಳಿದರೆ ಹನ್ನೆರಡನೆಯವರಾಗಿ ತಾವೇ ಮನೆಗೆ ಹೋಗಬೇಕಾದೀತು. "ವಾಪಸ್ ಹೋಗಿಬಿಡೋಣ ಅನ್ನಿಸ್ತು. ಆಗ ನಮ್ಮ ಓರಗಿತ್ತಿಯ ಕೈಗವಸು ನೆನಪಾಯ್ತು. ಥೂ ನನ್ನ ಜನ್ಮಕ್ಕೆ ಅಂದ್ಕೊಂಡು ಹತ್ತಿದೆ."

ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆಯ ಮೇಲೆ ದೊಡ್ಡ ಪರದೆ, ಪರದೆಯ ಮೇಲೆ ಕೆಳಕ್ಕಿಳಿದ ಕೆಂಪು ಗೆರೆ. ಮೇಜಿನ ತಲೆಯಲ್ಲಿ ಯಜಮಾನರು, ಪಕ್ಕದಲ್ಲಿ ಎಲ್ಲರೂ ಕಂಪ್ಯೂಟರ್ ಮೇಡಂ ಎಂದು ಕರೆಯುವ ಹೆಂಗಸು. ಅಕ್ಕ ಒಂದು ಮಿಕ್ಸ್ ಕ್ರೇಟನ್ನು ತಂದು ಮೇಜಿನ ಮೇಲೆ ಧೊಪ್ಪೆಂದು ಇಟ್ಟರು. ಮೇಲಿನ ಸಾದಾ ಪೊಟ್ಟಣಕ್ಕೆ ಬೀಪ್ ಅನ್ನಿಸಿ ಇಪ್ಪತ್ತನಾಲ್ಕು ಒತ್ತಿದರು. ಆಮೇಲೆ ಕೆಳಗಿನ ಹನ್ನೆರಡು ಎಳ್ಳಿನ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸಿದರು.

"ಸಾರ್, ಇವು ಒಡೆದದ್ದಲ್ಲ. ಒಡೆದಿದೆ ಅಂತ ಒತ್ತಿದ್ದು ನಾನು. ನಾನು ಒಂದು ಪೊಟ್ಟಣ ಒಡೆದದ್ದನ್ನೂ ಕಣ್ಣಾರೆ ನೋಡಿಲ್ಲ."

"ಎಷ್ಟು ದಿನದಿಂದ?" ಎಂದರು ಯಜಮಾನರು.

"ಏಳು ತಿಂಗಳಿಂದ."

ಕಂಪ್ಯೂಟರ್ ಮೇಡಂ ನಡುವೆ ಬಾಯಿ ಹಾಕಿದರು. "ತಪ್ಪು ಇವರೊಬ್ಬರದೇ ಅಲ್ಲ ಸಾರ್. ಸ್ಕ್ಯಾನರಿಗೆ ನಾನು ಕೊಟ್ಟ ಕಾರಣಗಳ ಪಟ್ಟಿಯಲ್ಲಿ 'ಗೊತ್ತಿಲ್ಲ' ಅನ್ನೋ ಆಯ್ಕೆನೇ ಇಲ್ಲ. ಗೊತ್ತಿಲ್ಲದವರು ಏನು ಒತ್ತಬೇಕಿತ್ತು?" ಎಂದವರ ಮುಖ ಕೆಂಪಾಗಿತ್ತು. ಯಜಮಾನರು ಪರದೆ ನೋಡಿದರು, ಮೇಜಿನ ಮೇಲಿನ ಹನ್ನೆರಡು ಪೊಟ್ಟಣ ನೋಡಿದರು. ಮೂರು ವಾರ ಟೈಮು ಕೊಡ್ತೀನಿ, ಸರಿಯಾದ ಸಂಖ್ಯೆ ತನ್ನಿ, ಆಮೇಲೆ ತೀರ್ಮಾನ ಎಂದರು.

ಆ ಮೂರು ವಾರ ಕಟ್ಟೆಯ ಮೇಲೆ ಅಕ್ಕನಿಗೆ ಸಿಕ್ಕದ್ದು ಹೊಗಳಿಕೆಯಲ್ಲ. ಎರಡೆರಡು ಸಲ ಬೀಪ್ ಅನ್ನಿಸಬೇಕಾಗಿ ಬಂದ ಲೋಡರುಗಳು ಮುಖ ಗಂಟಿಕ್ಕಿದರು. "ನಮ್ಮ ಪ್ರಾಣ ತಿನ್ನೋಕೇ ಎಣಿಸ್ತೀಯೇನಕ್ಕ?" ಎಂದು ಒಬ್ಬರು ಕೇಳಿಯೇಬಿಟ್ಟರು. ಅಕ್ಕ ಡ್ಯೂಟಿ ಮುಗಿದ ಮೇಲೂ ಸಂಜೆ ಬಂದು ಕ್ರೇಟು ಜೋಡಿಸಲು ಕೈ ಹಚ್ಚಿದರು. ಎರಡನೇ ವಾರ ಮೇಡಂ ಮಿಕ್ಸ್ ಕ್ರೇಟಿಗೇ ಬೇರೆ ಲೇಬಲ್ ಮಾಡಿಕೊಟ್ಟರು. ಒಂದು ಬೀಪ್, ಎರಡೂ ಬಗೆ ಹನ್ನೆರಡು ಹನ್ನೆರಡು ತಾನಾಗಿ ಬೀಳುತ್ತದೆ. ಲೋಡರುಗಳ ಗಂಟು ಮುಖವೂ ಸಡಿಲವಾಯಿತು.

ಮನೆಯ ಕಥೆ ಅಷ್ಟು ಸುಲಭದ್ದಾಗಿರಲಿಲ್ಲ. ಶುಕ್ರವಾರ ಸಂಜೆಯೇ ಅಕ್ಕ ಓರಗಿತ್ತಿಯನ್ನು ಕೂರಿಸಿಕೊಂಡು, "ನಿನ್ನ ಕೈ ಏನೂ ಮಾಡಿಲ್ಲ ಕಣೇ, ಮಾಡಿದ್ದೆಲ್ಲ ನನ್ನ ಬೆರಳು" ಎಂದು ಹೇಳಿದ್ದರು. ಓರಗಿತ್ತಿ ಎದ್ದು ಒಳಗೆ ಹೋದವರು ಮೂರು ವಾರ ಬೇಕಾದಷ್ಟೇ ಮಾತಾಡಿದರು. "ಬೈದಿದ್ರೆ ಚೆನ್ನಾಗಿತ್ತು. ಸಾರು ಬಡಿಸ್ಲಾ, ಸಾಕಾ, ಅಷ್ಟೇ."

ಕೊನೆಗೂ ಸಂಖ್ಯೆ ಬಂತು. ಅಬ್ಬಾ, ಎಂಥ ಸಂಖ್ಯೆ! ದಿನಕ್ಕೆ ನೂರೈವತ್ತು ಮಾರಾಟ ಎಂದುಕೊಂಡಿದ್ದ ಎಳ್ಳು ರಸ್ಕು ನಿಜಕ್ಕೂ ಹೋಗುತ್ತಿದ್ದದ್ದು ಮುನ್ನೂರರ ಮೇಲೆ. ಇನ್ನೂ ಕಳಿಸಿ ಎಂದು ಅಂಗಡಿಯವರು ಬೇಡುತ್ತಿದ್ದರು, ಬೇಯಿಸುತ್ತಿದ್ದದ್ದೇ ಕಡಿಮೆ. ಮೂರು ವಾರದಲ್ಲಿ ನಿಜವಾಗಿ ಒಡೆದದ್ದು ಒಂಬತ್ತು ಪೊಟ್ಟಣ. ಯಜಮಾನರು ಮೂರನೇ ಓವನ್ ಮತ್ತೆ ವಾರಕ್ಕೆ ಆರು ದಿನ ಎಂದು ಸಹಿ ಹಾಕಿದರು. ಅಕ್ಕ ಆ ಹಾಳೆಯನ್ನು ಓವನ್ನಿನ ಮುಂದೆ ನಿಂತು ಹನ್ನೊಂದು ಜನರಿಗೂ ಕೇಳುವಂತೆ ಓದಿದರು. ಒಂಬತ್ತು ಎಂದು ಓದಿದಾಗ ಓರಗಿತ್ತಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ಆ ಒಂಬತ್ತನ್ನಾದ್ರೂ ಸರಿಯಾಗಿ ಎಣಿಸಿದ್ಯಾ ಅಕ್ಕಾ?" ಎಂದು ಕೇಳಿದರಂತೆ. ಓವನ್ನಿನ ಸುತ್ತ ನಿಂತ ಎಲ್ಲರೂ ಗೊಳ್ಳೆಂದು ನಕ್ಕರು.

ಈಗ ಸ್ಕ್ಯಾನರಿನಲ್ಲಿ ಐದನೆಯ ಕಾರಣವೊಂದಿದೆ, 'ಗೊತ್ತಿಲ್ಲ'. ಅದನ್ನು ಒತ್ತಿದ ದಿನ ಮೇಲಿನಿಂದ ಯಾರಾದರೂ ಇಳಿದು ಬಂದು ನೋಡಲೇಬೇಕು. ಅಕ್ಕನಿಗೆ ಬಡ್ತಿಯೇನೂ ಸಿಕ್ಕಿಲ್ಲ, ಏಣಿ ಅದೇ, ಮಂಡಿಯೂ ಅದೇ. ಏನು ಬೇಕು ಎಂದು ಯಜಮಾನರು ಕೇಳಿದಾಗ ಅವರು ಬಯಸಿದ್ದು ಒಂದೇ. ಮೀಟಿಂಗಿನಲ್ಲಿ ಕೂರುವವರು ತಿಂಗಳಿಗೊಂದು ಬೆಳಿಗ್ಗೆ ಬಂದು ಒಂದು ಸಾಲು ಎಣಿಸಬೇಕು. ಹೋದ ವಾರ ಮೊದಲ ಸರದಿ ಯಜಮಾನರದೇ ಆಗಿತ್ತು. ಕೋಟು, ಬಲೆಯ ಟೋಪಿ ಹಾಕಿಕೊಂಡು ಒಂದು ಗಂಟೆ ಎಣಿಸಿದರು.

"ಮೂರು ಪೊಟ್ಟಣ ಕಮ್ಮಿ ಬಂತು ಅವ್ರಿಗೆ," ಎಂದು ಹೇಳುವಾಗ ಅಕ್ಕನ ಕಣ್ಣು ಮಿನುಗುತ್ತದೆ. "ಬೆವರು ಒರೆಸ್ಕೊಂಡು, ಏನು ಒತ್ತಲಿ ಅಂತ ಕೇಳಿದ್ರು. ಏನೂ ಒತ್ತಬೇಡಿ ಸಾರ್, ಇನ್ನೊಂದ್ಸಲ ಎಣಿಸಿ ಅಂದೆ. ಎಣಿಸಿದ್ರು."