ಯಂತ್ರ ಅಳಿಸಿದ ವಿಭೂತಿ

ಧಾರವಾಡದ ಹತ್ತಿರದ ಉಣಕಲ್ಲಿನ ಬಾಡಿಗೆ ಮನೆಗೆ ಬಂದಿಳಿದಾಗ ಮನೆಯೊಡತಿ ನೀಲವ್ವ ನನ್ನ ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ನೆಟ್ಟಗೆ ಮುಖ ನೋಡಿ, “ಯಾಕವಾ, ಹಣಿ ಖಾಲಿ ಬಿಟ್ಟಿ?” ಎಂದರು. ನನ್ನೂರು ಮೈಸೂರಿನಲ್ಲಿ ವರ್ಷಗಟ್ಟಲೆ ಪಕ್ಕದ ಮನೆಯಲ್ಲಿದ್ದವರೂ ಹೀಗೆ ಕೇಳಿದವರಲ್ಲ. ಮಾತು ತಪ್ಪಿಸಲು ಸುಸ್ತಾಗಿದೆ ಅಂದೆ. “ದಣದೀ, ಬಾ, ರೊಟ್ಟಿ ತಿನ್ನು” ಎಂದು ಒಳಗೆ ಕರೆದರು.

ಆ ಸುಸ್ತು ಇನ್ನೂ ಇಳಿದಿಲ್ಲ. ಮುದ್ದೆ ನುಂಗಿ ಬೆಳೆದ ನನ್ನ ದವಡೆಗೆ ಇಲ್ಲಿಯ ಖಟಕ್ ರೊಟ್ಟಿ ಒಗ್ಗುತ್ತಿಲ್ಲ. ‘ಲಗೂ ಬರ್ರಿ’ ಎಂದರೆ ಬೇಗ ಬನ್ನಿ ಎಂದು ನನಗೆ ತಿಳಿಯುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.

ಧಾರವಾಡದ ಪ್ರಯೋಗಾಲಯದಲ್ಲಿ ನಾವು ಮಾಡುತ್ತಿರುವುದು ಜೋಳದ ಕಾಳಿನಷ್ಟು ಚಿಕ್ಕ ಕ್ಯಾಮೆರಾ. ಅದರ ಮಸೂರ ಉಬ್ಬಿದ ಗಾಜಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳನ್ನು ನಿಲ್ಲಿಸಿದ ಚಪ್ಪಟೆ ಗಾಜು. ಅದು ತೆಗೆಯುವ ಚಿತ್ರ ಮಬ್ಬು, ಮೇಲೆ ಬೆಳಕಿನ ಬಿಳಿ ಗೆರೆಗಳು ಬೇರೆ. ಕೃತಕ ಬುದ್ಧಿಮತ್ತೆ ಆ ಗೆರೆಗಳನ್ನು ಒರೆಸಿ ಚಿತ್ರವನ್ನು ತಿಳಿಯಾಗಿಸಬೇಕು. ಮುಖಗಳು ಸರಿಯಾಗಿ ಬಂದರೆ ಮಾತ್ರ ನನ್ನ ಕೆಲಸ ಮುಂದುವರಿಯುತ್ತದೆ ಎಂದು ನಮ್ಮ ಮೇಡಂ ಹೇಳಿಬಿಟ್ಟಿದ್ದರು. ಇಲ್ಲವಾದರೆ ಮತ್ತೆ ಗಂಟುಮೂಟೆ ಕಟ್ಟಬೇಕು.

ಮೊದಲು ನೀಲವ್ವನನ್ನೇ ಕಟ್ಟೆಯ ಮೇಲೆ ಕೂರಿಸಿ ತೆಗೆದೆ. ಮೂಗುತಿ, ಸುಕ್ಕು, ಎಲ್ಲ ಬಂದಿತ್ತು. ನಾನು ಹಿಗ್ಗಿದರೆ ಅವರು ಮುಖ ಸಣ್ಣದು ಮಾಡಿಕೊಂಡರು.

“ಇಕಿ ಯಾರ? ನನ್ನ ಇಬತ್ತಿ ಎಲ್ಲಿ ಹೋತು?”

ಇಬತ್ತಿ ಎಂದರೆ ವಿಭೂತಿ. ಬೇರೆಲ್ಲಿಯವೋ ಮುಖಗಳನ್ನು ನೋಡಿ ಕಲಿತಿದ್ದ ಯಂತ್ರ ಅವರ ಹಣೆಯ ಮೂರು ಬಿಳಿ ಪಟ್ಟಿಗಳನ್ನೂ ಬೆಳಕಿನ ದೋಷವೆಂದು ಒರೆಸಿಹಾಕಿತ್ತು.

“ಸಣ್ಣಾಕಿದ್ದಾಗಿಂದ ಒಂದ್ ದಿನಾನೂ ಬಿಟ್ಟಿಲ್ಲ ನಾ. ಹೊಳ್ಳಿ ತಗೀ” ಎಂದರು. ಹೊಳ್ಳಿ, ಅಂದರೆ ಮತ್ತೆ. ಈ ಊರು ನನಗೆ ಕಲಿಸಿದ ಅತ್ಯಂತ ಆಯಾಸದ ಪದ ಅದು. ವಿಭೂತಿ ಇಲ್ಲದವರ ಚಿತ್ರವನ್ನು ಮೇಡಂಗೆ ತೋರಿಸಿ ಪಾರಾಗಬಹುದಿತ್ತು, ಆದರೆ ನೀಲವ್ವನ ಮುಖ ನೋಡಿ ಮನಸ್ಸಾಗಲಿಲ್ಲ. ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಸ್ವಲ್ಪ ಕಾಲಾವಕಾಶ ಕೇಳಿಕೊಂಡೆ.

ಓಣಿಯವರನ್ನು ಸೇರಿಸಿದ್ದು ನೀಲವ್ವನೇ. “ಬರ್ರಿ, ಈ ಹುಡುಗಿ ಫೋಟೋ ತಗ್ಯಾಕತ್ತಾಳ. ಇಬತ್ತಿ ಹಚ್ಚಿಕೊಂಡು ಕುಂದರ್ರಿ!” ಆ ಮುಖಗಳಿಂದ ಯಂತ್ರ ಹೊಸದಾಗಿ ಕಲಿಯಿತು. ಹೊಳ್ಳಿ ತೆಗೆದಾಗ ನೀಲವ್ವನ ಹಣೆಯ ಮೇಲೆ ಪಟ್ಟಿಗಳು ಹಾಗೇ ಇದ್ದವು. ಗೆದ್ದೆ ಅನ್ನಿಸಿತು. ಅದೇ ಖುಷಿಯಲ್ಲಿ ನನ್ನದೂ ಒಂದು ತೆಗೆದು, ಸರಿಯಾಗಿ ನೋಡದೆ, ಮೈಸೂರಿಗೆ ಅಮ್ಮನಿಗೆ ಕಳಿಸಿದೆ.

ಕೂಡಲೇ ಫೋನ್ ಬಂತು. “ಏನೇ ಇದು, ವಿಭೂತಿ ಯಾವಾಗಿಂದ ಇಟ್ಕೊಳ್ತಿದ್ದೀಯ? ನಮ್ಮೋಳೇ ಅಲ್ಲ ಅನ್ನಿಸ್ತು ಕಣೇ.”

ಓಣಿಯವರ ಮುಖಗಳನ್ನು ನೋಡಿ ಹಣೆ ಎಂದರೆ ವಿಭೂತಿ ಇರಲೇಬೇಕು ಎಂದು ಕಲಿತಿದ್ದ ಯಂತ್ರ, ನನ್ನ ಖಾಲಿ ಹಣೆಯ ಮೇಲೂ ತಾನಾಗಿಯೇ ಮೂರು ಪಟ್ಟಿ ಎಳೆದಿತ್ತು.

ನೀಲವ್ವನಿಗೆ ತೋರಿಸಿದರೆ ಬಾಯಿತುಂಬ ನಕ್ಕರು. “ಈಗ ನಮ್ಮಾಕಿ ಆದಿ ನೋಡು. ಹಂಗ ಇರಲಿ ಬಿಡು.”

ನನಗೂ ಹಾಗೇ ಬಿಡುವ ಆಸೆ. ಆದರೆ ಇಲ್ಲದ್ದನ್ನು ತೋರಿಸುವ ಕ್ಯಾಮೆರಾ ಯಾರಿಗೂ ಬೇಡ. ನಾನು ಈ ಊರಿನಲ್ಲಿ ಉಳಿಯಬೇಕಾದರೆ, ಈ ಊರಿನವಳೆಂದು ಹೇಳುವ ಆ ಪಟ್ಟಿಗಳನ್ನು ನನ್ನ ಹಣೆಯಿಂದ ನಾನೇ ಅಳಿಸಬೇಕು.