ಚಿಕ್ಕಮ್ಮ ತವರಿಂದ ತಂದ ಚುಕ್ಕಿಮೀನು

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಬಣ್ಣದ ಮೀನು ಮಾರುವ ಅಂಗಡಿಯೊಂದು ಬಂದಿದೆ. ಮೊನ್ನೆ ಅದರ ಮುಂದೆ ಹಾಯುವಾಗ ಗಾಜಿನ ತೊಟ್ಟಿಯ ಪಾಚಿನೀರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತೊಗರ್ಸಿಯ ನಮ್ಮ ಹಿತ್ತಲ ಬಾವಿಕಟ್ಟೆಯ ಮೇಲೆ ಬೋರಲು ಮಲಗಿ ಇಣುಕುವ ಹುಡುಗಿಯಾಗಿಬಿಟ್ಟೆ. ಬೀಳದಂತೆ ಚಿಕ್ಕಮ್ಮ ನನ್ನ ಲಂಗ ಹಿಡಿದುಕೊಂಡಿರುತ್ತಿದ್ದಳು. ಕೆಳಗೆ ಕಪ್ಪುನೀರಿನಲ್ಲಿ ಬೆಳ್ಳಿಯ ಚುಕ್ಕಿಗಳು ಸುಳಿಯುತ್ತಿದ್ದವು. ಒಂದೊಂದು ಚುಕ್ಕಿಯೂ ಬೆರಳುದ್ದದ ಒಂದು ಮೀನಿನ ನೆತ್ತಿ. ಕೊಡದಲ್ಲಿ ಮೇಲೆ ಬಂದಾಗ ಮಾತ್ರ ಅದರ ಮೈಯ ಹಸಿರು ಹೊಳಪು, ಕೆಂಪು ಹನಿಗಳು, ಪಕ್ಕೆಯ ಕಪ್ಪು ಪಟ್ಟೆಗಳು ಕಾಣುತ್ತಿದ್ದವು. ಗೋಡೆಯ ಗಿಡ ನೀರಿಗಿಳಿಸಿದ ಬೇರುಗಳಿಗೆ ಅದು ಒಂದೊಂದೇ ಮೊಟ್ಟೆ ಅಂಟಿಸುತ್ತದೆಂದು ಚಿಕ್ಕಮ್ಮ ತೋರಿಸಿದ್ದಳು. ಸಾಸಿವೆಗಿಂತ ಸಣ್ಣ, ಗಾಜಿನಂಥ ಮೊಟ್ಟೆ.

ಚಿಕ್ಕಮ್ಮನ ತವರು ಸೊರಬದ ಕಡೆಯ ಕುಪ್ಪಗಡ್ಡೆ. ಮದುವೆಯಾದ ಹೊಸತರಲ್ಲಿ, ನಮ್ಮ ಬಾವಿಯಲ್ಲಿ ಸೊಳ್ಳೆಮರಿ ಕಂಡು, ತವರಿಗೆ ಹೋದವಳು ಅಲ್ಲಿನ ಕೆರೆಯಿಂದ ಈ ಮೀನು ತಂದಳಂತೆ. ಲಿಂಗ ಕಟ್ಟಿದ ಮನೆ ನಮ್ಮದು. ಅಜ್ಜಿ ಹೌಹಾರಿ, "ಏನವ್ವಾ ಇದು, ಸೊಸೆ ತವರಿಂದ ಮೀನು ತರ್ತಾಳಾ?" ಎಂದಳಂತೆ. "ತಿನ್ನಕ್ಕಲ್ಲ ಅತ್ತೆ, ಬಾವಿಗೆ ಬಿಡಕ್ಕೆ" ಎಂದು ಚಿಕ್ಕಮ್ಮ ನಕ್ಕಳಂತೆ. ಕೊನೆಗೆ ಸೌದೆಯ ಗೆದ್ದಲನ್ನು ಜೋಪಾನವಾಗಿ ತೆಗೆದಿಟ್ಟು ಬಾವಿಗೆ ಉದುರಿಸುತ್ತಿದ್ದವಳು ಅಜ್ಜಿಯೇ.

ಅಜ್ಜಿ ತೀರಿಕೊಂಡಳು. ನಲ್ಲಿ ಬಂತು. ಬಾವಿ ಮುಚ್ಚಿ ಅಲ್ಲೊಂದು ಕೋಣೆ ಕಟ್ಟುವುದೆಂದು ಅಪ್ಪ ನಿರ್ಧರಿಸಿದರು. ಎಂದೂ ಎದುರು ಮಾತಾಡದ ಚಿಕ್ಕಮ್ಮ, "ಭಾವ, ಇವತ್ತೊಂದಿನ ತಡೀರಿ" ಎಂದಳು. ಬುಟ್ಟಿ ಇಳಿಬಿಟ್ಟು, ಗೆದ್ದಲು ಉದುರಿಸಿ, ಮೇಲೆ ಬಂದ ಮೀನುಗಳನ್ನು ಇಡೀ ದಿನ ಹಿಡಿದಳು. ಅವು ಚಂಗನೆ ಹಾರುವ ಜಾತಿ. ಕೊಡದ ಬಾಯಿಗೆ ತೆಳು ಬಟ್ಟೆ ಕಟ್ಟಿ, ಮರುದಿನ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

"ಏನಮ್ಮಾ ಅದು, ಮಜ್ಜಿಗೇನಾ?" ಕಂಡಕ್ಟರ್ ಕೇಳಿದ.

"ಮೀನಪ್ಪ. ತವರಿಗೆ ಬಿಟ್ಟು ಬರಕ್ಕೆ."

ಆ ತವರಿನಲ್ಲಿ ಆಗ ಅವಳವರು ಯಾರೂ ಉಳಿದಿರಲಿಲ್ಲ. ಇದ್ದೊಬ್ಬ ಅಣ್ಣ ಹೋದಮೇಲೆ ಮನೆ ಬೇರೆಯವರ ಕೈಸೇರಿತ್ತು. ಕೆರೆಯಂಚಿನಲ್ಲಿ ಕೊಡ ಬಗ್ಗಿಸಿದಳು. ಮೀನುಗಳು ಕ್ಷಣಹೊತ್ತು ಅವಳ ಕಾಲ ಬಳಿಯೇ ನಿಂತಿದ್ದು, ಆಮೇಲೆ ಜೊಂಡಿನೊಳಗೆ ಚದುರಿಹೋದವು. ಹಿಂತಿರುಗುವಾಗ ಹಳೆಯ ಮನೆಯ ಮುಂದೆ ಅವಳ ಕಾಲು ತಾನಾಗಿ ನಿಂತಿತು. ಹೊಸಿಲ ಮೇಲಿದ್ದ ಹೆಂಗಸು, "ಯಾರು ಬೇಕಿತ್ರೀ?" ಎಂದಳು.

"ಯಾರೂ ಇಲ್ಲಮ್ಮ, ಹಿಂಗೇ ಬಂದಿದ್ವಿ" ಎಂದಳು ಚಿಕ್ಕಮ್ಮ.

ಆಮೇಲೆ ಅವಳು ಕುಪ್ಪಗಡ್ಡೆಯ ಮಾತೆತ್ತಲಿಲ್ಲ. ಮುಂದೆ ಹೆಚ್ಚು ವರ್ಷ ಬಾಳಲೂ ಇಲ್ಲ. ಅವಳನ್ನು ನೆನೆದಾಗ ನನಗೆ ಕಾಣುವುದು ಆ ಸಂಜೆಯ ಬಸ್ಸು. ಖಾಲಿ ಕೊಡವನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಪುಟ್ಟ ಭುಜಕ್ಕೆ ತಲೆಯಿಟ್ಟು ಅವಳು ನಿದ್ದೆಹೋಗಿದ್ದಳು. ಭುಜ ಜೋಮು ಹಿಡಿದರೂ, ಇಳಿಯುವ ಊರು ಬರುವವರೆಗೆ ನಾನು ಅಲುಗಲಿಲ್ಲ.